ದಿಂಬಿನ ಮೇಲಿಟ್ಟ ಕೈ

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಹೊತ್ತು ಏರಿದರೂ ಎದುರಿನ ಬೀದಿದೀಪವನ್ನು ಯಾರೂ ಆರಿಸಿರಲಿಲ್ಲ. ಗಾಡಿಗಳ ಸದ್ದು, ಹಾಲಿನ ಕ್ಯಾನುಗಳ ಸದ್ದು, ಎಲ್ಲವನ್ನೂ ನುಂಗಿಕೊಂಡು ಮಂಜು ಸುಮ್ಮನೆ ಕೂತಿತ್ತು. ಗಂಟೆ ಎರೆಯುವ ಆ ಕಾರ್ಖಾನೆಯಲ್ಲಿ ಇಂಥ ದಿನ ಯಾವ ಗಂಟೆಯನ್ನೂ ಪರೀಕ್ಷಿಸುತ್ತಿರಲಿಲ್ಲ. ಒದ್ದೆ ಗಾಳಿಯಲ್ಲಿ ಒಳ್ಳೆಯ ಗಂಟೆಯೂ ನೆಗಡಿ ಹಿಡಿದವರಂತೆ ಮಾತಾಡುತ್ತದೆ ಎಂದು ಯಜಮಾನರು ಹೇಳುತ್ತಿದ್ದರು. ಈಗ ಅವರು ಏನನ್ನೂ ಹೇಳುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಲಕ್ವ ಹೊಡೆದು, ಬಲಗೈ, ಬಲಗಾಲು, ನಾಲಿಗೆ ಮೂರನ್ನೂ ಒಂದೇ ಏಟಿಗೆ ಕಸಿದುಕೊಂಡಿತ್ತು. ಮೊದಲ ವಾರ ಪ್ರಜ್ಞೆಯೇ ಇರಲಿಲ್ಲ. ಆಗಲೇ ವೈದ್ಯರು ‘ತೀರ್ಮಾನ ಮಾಡುವ ಸ್ಥಿತಿಯಲ್ಲಿಲ್ಲ’ ಎಂದು ಬರೆದುಕೊಟ್ಟಿದ್ದರು. ಆಮೇಲೆ ಬುದ್ಧಿ ಮೆಲ್ಲಗೆ ಮನೆಗೆ ಮರಳಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಹೌದೆಂದು ತಲೆಯಾಡಿಸಹೋದರೆ ಕುತ್ತಿಗೆ ಅಡ್ಡಕ್ಕೆ ತೂಗುತ್ತಿತ್ತು. ಎಡಗೈಗೆ ಪೆನ್ನು ಕೊಟ್ಟರೆ ಕೋಳಿ ಕೆದಕಿದಂಥ ಗೀಚು. ಎರಡು ಸಲ ಹಾಗಾದ ಮೇಲೆ ಮಕ್ಕಳು ಕೇಳುವುದನ್ನೇ ಬಿಟ್ಟರು.

ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಮರದ ಕುರ್ಚಿಯಲ್ಲಿ ಅವರನ್ನು ಕೂರಿಸಿದ್ದರು. ಕಿಟಕಿಯಾಚೆ ತಣ್ಣಗಾದ ಕುಲುಮೆ. ಅದರ ಪಕ್ಕ, ಅಚ್ಚು ಒಡೆದು ತೆಗೆದು ಇನ್ನೂ ಉಜ್ಜದೇ ಇದ್ದ ಒಂದು ಗಂಟೆ, ಮೈತುಂಬ ಮಣ್ಣು ಮೆತ್ತಿಕೊಂಡು ಬಿದ್ದಿತ್ತು. ಅದನ್ನು ನೋಡಿದಾಗಲೆಲ್ಲ ಯಜಮಾನರಿಗೆ ತಮ್ಮ ಮುಖವನ್ನೇ ಕಂಡಂತಾಗುತ್ತಿತ್ತು. ಭಗವಂತಾ, ದನಿ ಕೊಟ್ಟವನು ನೀನು, ಮಣ್ಣು ಮೆತ್ತಿಕೊಂಡವನು ನಾನು ಎಂದು ಒಳಗೊಳಗೇ ಅನ್ನುತ್ತಿದ್ದರು.

ಅದು ಸುಳ್ಳೂ ಆಗಿರಲಿಲ್ಲ. ತಾವೀಗ ಸಿಕ್ಕಿಬಿದ್ದಿದ್ದ ಈ ಬೋನನ್ನು ಕಟ್ಟಿದವರು ಅವರೇ.

ಆ ಕಾರ್ಖಾನೆಯಲ್ಲಿ ಒಂದು ಕಟ್ಟಳೆ ಇತ್ತು. ಗಂಟೆ ಸಿದ್ಧವಾದ ಮೇಲೆ ಇಬ್ಬರು ಅದನ್ನು ಕೇಳಬೇಕು. ಒಬ್ಬರ ಮಾತು ಇನ್ನೊಬ್ಬರ ಕಿವಿಯನ್ನು ಕೆಡಿಸಬಾರದೆಂದು ಬಾಯಿ ಬಿಡುವಂತಿಲ್ಲ. ನಾದ ಪೂರ್ತಿ ಅಡಗಿದ ಮೇಲೆ ಬೆರಳ ಗೆಣ್ಣಿನಿಂದ ಬೆಂಚನ್ನು ತಟ್ಟಬೇಕು: ಒಂದು ಸಲ ತಟ್ಟಿದರೆ ಒಪ್ಪಿಗೆ, ಎರಡು ಸಲ ತಟ್ಟಿದರೆ ಮತ್ತೆ ಕುಲುಮೆಗೆ. ಇಬ್ಬರೂ ಒಂದೊಂದೇ ತಟ್ಟಿದರಷ್ಟೇ ಗಂಟೆ ಬಾಗಿಲು ದಾಟುತ್ತಿತ್ತು.

ಎರಡು ವರ್ಷದ ಹಿಂದೆ, ನಾಳೆ ತಮಗೇನಾದರೂ ಆಗಿ ತೀರ್ಮಾನ ಮಾಡಲಾಗದೇ ಹೋದರೆ ಎಂದು ಕಾಗದ ಮಾಡಿಸಲು ಕೂತಾಗಲೂ ಯಜಮಾನರು ಇದೇ ಕಟ್ಟಳೆಯನ್ನು ಹೇಳಿದ್ದರು. ಕಾರ್ಖಾನೆಯ ವಿಷಯವಿರಲಿ, ತಮ್ಮ ಮೈಗೆ ಕೊಡಿಸುವ ಔಷಧದ ವಿಷಯವಿರಲಿ, ಮಗಳು, ಮಗ ಇಬ್ಬರೂ ಸಹಿ ಹಾಕಬೇಕು.

“ಇಬ್ಬರೂ ಒಪ್ಪದಿದ್ರೆ?” ಎಂದು ವಕೀಲಮ್ಮ ಕೇಳಿದ್ದರು. “ಮೂರನೆಯವರ ಹೆಸರೊಂದು ಹಾಕಿ ಯಜಮಾನ್ರೇ.”

“ಒಪ್ಪದಿದ್ರೆ ಕರಗಿಸಿ ಮತ್ತೆ ಎರೀತೀವಿ. ನಲವತ್ತು ವರ್ಷದಿಂದ ನಡೆದಿಲ್ವೇನಮ್ಮ?”

“ಗಂಟೇನ ಕರಗಿಸಬಹುದು. ನಿಮ್ಮನ್ನ?”

ಯಜಮಾನರು ಹೊಟ್ಟೆ ಹಿಡಿದು ನಕ್ಕಿದ್ದರು. ವಕೀಲಮ್ಮ ನಗಲಿಲ್ಲ. ಕೊನೆಯ ಪುಟದಲ್ಲಿ ತಾವಾಗಿಯೇ ಒಂದು ಸಾಲು ಸೇರಿಸಿದರು. “ಬರ್ಕೊಳ್ಳಿ, ಕಾಗದಕ್ಕೇನು ಭಾರವೇ?” ಎಂದು ಯಜಮಾನರು ಓದದೆಯೇ ಸಹಿ ಹಾಕಿದ್ದರು.

ಈಗ ಆ ವಕೀಲಮ್ಮನೇ ಬಂದು, ಮಂಜಿಗೆ ತೇವವಾದ ಶಾಲು ಕೊಡವಿ, ಅದೇ ಕೋಣೆಯ ಮೇಜಿನ ಮುಂದೆ ಕೂತರು. ಕಾರ್ಖಾನೆಯ ಜಾಗ ಕೇಳಿದ್ದ ಗಿರಾಕಿಗೆ ಅಂದು ಉತ್ತರ ಕೊಡಬೇಕಿತ್ತು. ಮಗನ ಮುಂದೆ ಮಾರಾಟದ ಕಾಗದ, ಮಗಳ ಮುಂದೆ ತಾಮ್ರ ತವರ ತರಿಸುವ ಕಾಗದ. ಒಬ್ಬರ ಕಾಗದಕ್ಕೆ ಇನ್ನೊಬ್ಬರು ಸಹಿ ಹಾಕದೆ ಮೂರು ತಿಂಗಳಾಗಿತ್ತು.

“ನಿನ್ನ ಹಟಕ್ಕೆ ಕುಲುಮೇಲಿ ಬೆಕ್ಕು ಮರಿ ಹಾಕಿದೆ ಅಕ್ಕ,” ಎಂದ ಮಗ. “ಮಾರಿಬಿಡೋಣ. ಅಪ್ಪನ್ನ ಆ ಮಾತು ಕಲಿಸೋ ಆಸ್ಪತ್ರೆಗೆ ಸೇರಿಸೋಣ.”

“ಅಪ್ಪ ನನ್ನ ಕಣ್ಣೆದುರೇ ಇರ್ತಾರೆ. ಪರರ ಕೈಗೆ ಕೊಡಲ್ಲ. ಕುಲುಮೆ ಹೊತ್ತಿಸೋದು ನಾನು, ನೀನ್ಯಾಕೋ ಬೆಂಕಿಗೆ ಅಂಜ್ತೀಯ?”

“ನಿಂಗೆ ಕಣ್ಣೆದುರಿಗಿದ್ರೆ ಸಾಕು. ಅಪ್ಪ ಒಂದಕ್ಷರ ಆಡದಿದ್ರೂ ಪರವಾಗಿಲ್ಲ.”

“ಮೆಲ್ಲಗೆ ಮಾತಾಡಿ, ಅವರಿಗೆ ಕೇಳಿಸುತ್ತೆ,” ಎಂದರು ವಕೀಲಮ್ಮ.

“ಕೇಳಿಸಿದ್ರೂ ಅರ್ಥ ಆಗಲ್ಲ ಬಿಡಿ,” ಎಂದು ಇಬ್ಬರೂ ಒಟ್ಟಿಗೆ ಅಂದರು. ಮೂರು ತಿಂಗಳಲ್ಲಿ ಅಕ್ಕ ತಮ್ಮ ಒಪ್ಪಿದ ಮಾತು ಅದೊಂದೇ.

ಯಜಮಾನರು ಎಡಗೈಯ ಗೆಣ್ಣಿನಿಂದ ತಟ್ಟಿದರು. ಎರಡು ಸಲ. ಮತ್ತೆ ಎರಡು ಸಲ. ಬುದ್ಧಿ ಮರಳಿದ ದಿನದಿಂದಲೂ ಅವರು ತಟ್ಟುತ್ತಲೇ ಇದ್ದರು. ಆದರೆ ಕೈ ನೋಯದಿರಲೆಂದು ಮಗಳು ಕುರ್ಚಿಯ ತೋಳಿನ ಮೇಲೆ ಹತ್ತಿಯ ದಿಂಬು ಕಟ್ಟಿದ್ದಳು. ತಟ್ಟಿದ್ದೆಲ್ಲ ಹತ್ತಿಯಲ್ಲಿ ಇಂಗಿಹೋಗುತ್ತಿತ್ತು. ಬೆರಳಾಡುವುದನ್ನು ಕಂಡರೆ, “ಪಾಪ, ನಡುಕ,” ಎಂದು ಅವಳು ದಿಂಬನ್ನು ಇನ್ನಷ್ಟು ಮೆತ್ತಗೆ ಮಾಡುತ್ತಿದ್ದಳು. ಪ್ರೀತಿಯ ವಿರುದ್ಧ ಯಾರ ಹತ್ತಿರ ದೂರು ಕೊಡುವುದು?

ಅಂದು ಅವರು ತಟ್ಟುವುದನ್ನು ನಿಲ್ಲಿಸಿ ಮೊಣಕೈಯಿಂದ ನೂಕತೊಡಗಿದರು. ದಾರ ಸಡಿಲವಾಯಿತು. ಬೆನ್ನಿಗೆ ಬೆವರು ಒಡೆಯಿತು. ಮೇಜಿನ ಬಳಿ ಜಗಳ ಮುಗಿದು, ಇಬ್ಬರೂ ಮುಖ ತಿರುಗಿಸಿ ಕೂತರು. ಬೀದಿಯಿಂದಲೂ ಒಂದು ಸದ್ದಿಲ್ಲ. ದಿಂಬು ಜಾರಿ ನೆಲಕ್ಕೆ ಬಿತ್ತು.

ಟಕ್. ಟಕ್.

ಮೊದಲು ತಲೆಯೆತ್ತಿದವನು ಮಗ. ಗಂಟೆ ಪರೀಕ್ಷಿಸುವ ಬೆಂಚಿಗೆ ಬೆನ್ನು ಹಾಕಿ ಹನ್ನೊಂದು ವರ್ಷವಾಗಿದ್ದರೂ, ಕಿವಿ ಅವನಿಗಿಂತ ಪ್ರಾಮಾಣಿಕವಾಗಿತ್ತು. “ಅಕ್ಕ,” ಎಂದ ಸಣ್ಣ ದನಿಯಲ್ಲಿ, “ಅಪ್ಪ ‘ಮತ್ತೆ ಕುಲುಮೆಗೆ’ ಅಂತಿದಾರೆ.”

ವಕೀಲಮ್ಮ ಎರಡು ವರ್ಷದ ಹಿಂದಿನ ಕಾಗದದ ಕೊನೆಯ ಪುಟ ತೆಗೆದರು. “ಯಜಮಾನರು ತಮ್ಮ ಮನಸ್ಸನ್ನು ಯಾವ ರೀತಿಯಿಂದಲಾದರೂ ತಿಳಿಸಬಲ್ಲವರಾಗಿರುವವರೆಗೆ ಮಕ್ಕಳ ಸಹಿ ನಡೆಯುವುದಿಲ್ಲ,” ಎಂದು ಓದಿ, ಕುರ್ಚಿಯ ಹತ್ತಿರ ಬಂದರು. “ಯಜಮಾನ್ರೇ, ನಾನು ನಿಮ್ಮ ಮಗಳಾ?”

ಎರಡು.

“ಇದು ಮರದ ಕುರ್ಚಿನಾ?”

ಒಂದು.

“ನಿಮ್ಮ ಮಗ ಸಣ್ಣಗಾಗಿದಾನಾ?”

ಎರಡು, ಸ್ವಲ್ಪ ಜೋರಾಗಿಯೇ. ಮಗ ನಗಹೋಗಿ ಮುಖ ಮುಚ್ಚಿಕೊಂಡ.

“ಕಾರ್ಖಾನೆ ಮಾರೋದಾ?” ಎರಡು. “ಮಗಳು ನಡೆಸಲಾ?” ಒಂದು. ಮಗಳ ಮುಖ ಅರಳಿತು. “ಮಾತು ಕಲಿಯೋಕೆ ಆಸ್ಪತ್ರೆಗೆ ಹೋಗ್ತೀರಾ?”

ಯಜಮಾನರು ಮಗಳನ್ನು ನೋಡಿದರು. ಮೂರು ತಿಂಗಳು ತುತ್ತು ಉಣಿಸಿದ, ಮೈ ಒರೆಸಿದ ಕೈ ಅವಳದು. ನಾದ ಅಡಗುವವರೆಗೆ ಕಾಯುವವರಂತೆ ಕಾದರು. ಆಮೇಲೆ ಒಂದು ಸಲ ತಟ್ಟಿದರು.

ಮಗಳು ಎದ್ದು ಕುರ್ಚಿಯ ಹತ್ತಿರ ಬಂದಳು. “ನಾನು ಕೇಳಲೇ ಇಲ್ಲ, ಅಪ್ಪ,” ಎಂದಳು.

“ವೈದ್ಯರನ್ನ ಕರೆಸಿ ಹೊಸದಾಗಿ ಬರೆಸ್ತೀನಿ,” ಎಂದರು ವಕೀಲಮ್ಮ. “ಅಲ್ಲಿವರೆಗೆ ಯಾರೂ ಏನಕ್ಕೂ ಸಹಿ ಹಾಕಬೇಡಿ.”

ಮಗ ಮಾರಾಟದ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟ. ಇಬ್ಬರೂ ಸಹಿ ಹಾಕಬೇಕೆಂದು ಅಪ್ಪ ಬರೆಸಿದ್ದ ಪತ್ರದ ತನ್ನ ಪ್ರತಿಯನ್ನು ಜೇಬಿನಿಂದ ತೆಗೆದು ಅಕ್ಕನ ಕೈಗಿತ್ತ. ಅವಳು ತನ್ನ ಪ್ರತಿಯನ್ನೂ ಅದಕ್ಕೆ ಸೇರಿಸಿ, ಅಪ್ಪನ ಎಡಗೈ ಎತ್ತಿ, ಎರಡನ್ನೂ ಆ ಕೈಯೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ನೆಲದಲ್ಲಿ ಬಿದ್ದಿದ್ದ ದಿಂಬನ್ನು ಮಾತ್ರ ಮತ್ತೆ ಕಟ್ಟಲಿಲ್ಲ. ಎದೆಗವಚಿಕೊಂಡು ಕಿಟಕಿಯ ಬಳಿ ನಿಂತಳು.