ಗಾಳಿಕೋವಿಯ ಒಂದೇ ಏಟು

ನಾನು ಒಂದು ಗಾಳಿಕೋವಿ. ಜನ ಏರ್‌ಗನ್ ಎನ್ನುತ್ತಾರೆ. ಲೇತ್ ಯಂತ್ರಗಳು ಕಿರುಚುವ ಸಣ್ಣ ಶೆಡ್ಡಿನಲ್ಲಿ ಹುಟ್ಟಿದೆ. ನನ್ನ ಹೊಟ್ಟೆಯಲ್ಲಿ ಮದ್ದಿಲ್ಲ. ಒಂದು ಸ್ಪ್ರಿಂಗು, ಒಂದು ಚರ್ಮದ ವಾಷರು, ಅಷ್ಟೇ. ಬಲೂನು ಒಡೆಯಲಿಕ್ಕೆಂದೇ ನನ್ನನ್ನು ಮಾಡಿದ್ದು. ಜಾತ್ರೆಗಳಲ್ಲಿ ಖಾದರ್ ಸಾಬರು ಹಾಕುತ್ತಿದ್ದ ಬಲೂನು ಅಂಗಡಿಯಲ್ಲಿ ಆರು ವರ್ಷ ಅದನ್ನೇ ಮಾಡಿದೆ. ಯಾರಿಗೂ ನೋವಾಗಲಿಲ್ಲ.

ಸಾಬರಿಗೆ ಕಣ್ಣು ಮಂಜಾಗಿ ಅಂಗಡಿ ಎತ್ತಿದಾಗ, ಕೊಳ್ಳೇಗಾಲದ ಕಡೆಯ ರಾಚನಾಯಕ ನನ್ನನ್ನು ಕೊಂಡ. ಬೆಳೆ ಕಾಯಲು ಅವನ ಬಳಿ ಲೈಸೆನ್ಸಿನ ಕೋವಿ ಇತ್ತು. ಚುನಾವಣೆ ಬಂತೆಂದು ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿದ್ದ. ಅದೇ ಹೊತ್ತಿಗೆ ಬಸುರಿ ಮಗಳು ಮಾದೇವಿ ಹೆರಿಗೆಗೆ ಬಂದು ಮೊಲದ ಸಾರಿಗೆ ಆಸೆಪಟ್ಟಳು. ಮೊಲ ಹೊಡೆಯುವುದು ಕಾನೂನಿಗೆ ವಿರುದ್ಧವೆಂದು ಅವನಿಗೆ ಗೊತ್ತಿತ್ತು. ಆದರೂ ಬಸುರಿಯ ಬಯಕೆ ಮೀರಲಾರದಾದ.

ಅವನಿಗೊಂದು ನೇಮವಿತ್ತು. “ಹೊಡುದ್ರ ಒಂದೇ ಏಟ್ಗ ಪ್ರಾಣ ಹೋಗ್ಬೇಕು. ನಳ್ಳಾಡಿಸ್ಬಾರ್ದು” ಎನ್ನುತ್ತಿದ್ದ. ಊರಲ್ಲಿ ಅವನಿಗಿದ್ದ ಮರ್ಯಾದೆಯೂ ಅದರಿಂದಲೇ.

ನನ್ನ ಸಣ್ಣ ಸದ್ದು ಕೇಳಿ ಅವನಿಗೆ ಸಮಾಧಾನವಾಗಲಿಲ್ಲ. ಕೊಳವೆಯ ಬುಡಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟ. ಹೊಡೆದಾಗ ಒಳಗಿನ ಗಾಳಿಯ ಬಿಸಿಗೆ ಎಣ್ಣೆ ಹೊತ್ತಿ ಢಮ್ಮೆಂದೆ. ಹತ್ತು ಹೆಜ್ಜೆಯಲ್ಲಿದ್ದ ಡಬ್ಬ ತೂತಾಯಿತು. “ಈಗ ಸರೋಯ್ತು” ಎಂದ. ಸದ್ದು ಜೋರಾದರೆ ಏಟೂ ಜೋರು ಎಂದು ಅವನ ನಂಬಿಕೆ. ಎಣ್ಣೆ ನನ್ನ ವಾಷರನ್ನು ಸುಟ್ಟದ್ದು, ಇನ್ನು ಗಾಳಿ ಸೋರಿ ಏಟಿನ ಬಲ ಕುಂದುವುದು ನನಗೊಬ್ಬನಿಗೇ ಗೊತ್ತಿತ್ತು. ಹೇಳಲು ನನಗೆ ಬಾಯಿಲ್ಲವಲ್ಲ.

ಬೆಳಗಿನ ಎಳೆಬಿಸಿಲಲ್ಲಿ ಕಡಲೆಕಾಯಿ ಹೊಲದ ಬದುವಿನ ಮೇಲೆ ಮೊಲ ಕೂತಿತ್ತು. ನಲವತ್ತು ಹೆಜ್ಜೆ ದೂರ. ಗುಂಡು ಸೊಂಟಕ್ಕೆ ತಗುಲಿತು. ಮೊಲ ಸಾಯಲಿಲ್ಲ. ಹಿಂಗಾಲು ಎಳೆಯುತ್ತ ಬೇಲಿಗೆ ನುಗ್ಗಿ ಕೂಗತೊಡಗಿತು. ಮೊಲಕ್ಕೆ ದನಿಯಿದೆಯೆಂದು ನನಗೆ ಅಂದೇ ಗೊತ್ತಾದದ್ದು. ಎಳೆಗೂಸಿನ ಅಳುವಿನ ಹಾಗಿತ್ತು. ರಾಚನಾಯಕ ಬೇಲಿಯತ್ತ ಓಡಿದ. ಹತ್ತಿರ ಹೋಗಿ ಮತ್ತೊಂದು ಹೊಡೆದ. ಇನ್ನೊಂದು. ಪ್ರತಿ ಸಲವೂ ನನ್ನನ್ನು ಮಡಚಿ ಗುಂಡು ತುಂಬುವಷ್ಟು ಹೊತ್ತು ಅದು ಅವನನ್ನೇ ನೋಡುತ್ತಿತ್ತು. ಕೊನೆಗೆ ನನ್ನನ್ನು ತಲೆಕೆಳಗಾಗಿ ಹಿಡಿದು, ಹಿಡಿಯಿಂದ ಬಡಿದು ಕೊಂದ. ನಾನು ಕೋವಿಯಾಗಿ ಮಾಡಲಾರದ್ದನ್ನು ದೊಣ್ಣೆಯಾಗಿ ಮಾಡಿದೆ. ನನಗೆ ಅಸಹ್ಯವಾಯಿತು.

ಮಧ್ಯಾಹ್ನ ಅಡುಗೆಮನೆಯ ಗೋಡೆಗೆ ಒರಗಿದ್ದೆ. ಮಾದೇವಿ ಮುದ್ದೆ ಮುರಿಯುತ್ತ ಕೇಳಿದಳು.

“ಒಂದೇ ಏಟ್ಗ ಬಿತ್ತಾಪ್ಪ?”

“ಊಂ ಕಣಮ್ಮಿ. ಒಂದೇ ಏಟ್ಗ.”

ಅವಳು ನೆಮ್ಮದಿಯಿಂದ ಉಂಡಳು. ಹಲ್ಲಿಗೆ ಏನೋ ಸಿಕ್ಕಿತು. ಸೀಸದ ಗುಂಡು. ತೆಗೆದು ತಟ್ಟೆಯ ಅಂಚಿಗಿಟ್ಟಳು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅದನ್ನೂ ಪಕ್ಕದಲ್ಲಿಟ್ಟಳು. ಮೂರನೆಯದು ಬೆರಳಿಗೇ ಸಿಕ್ಕಿತು. ಅಪ್ಪನ ಮುಖ ನೋಡಿದಳು. ಅವನು ತನ್ನ ತಟ್ಟೆಯನ್ನೇ ನೋಡುತ್ತಿದ್ದ. ಅವಳು ಕೈ ತೊಳೆದು ಎದ್ದಳು.

ಅಂದಿನಿಂದ ಅಟ್ಟದ ಮೇಲೆ, ಹರಿದ ಗೋಣಿಚೀಲದಲ್ಲಿದ್ದೇನೆ. ಹಿಡಿ ಸೀಳಿದೆ, ಸ್ಪ್ರಿಂಗು ತುಕ್ಕು ಹಿಡಿದಿದೆ. ಈಗ ಬಲೂನನ್ನೂ ಒಡೆಯಲಾರೆ. ಅದಕ್ಕೆ ದುಃಖವಿಲ್ಲ. ಕೆಳಗೆ ಮಾದೇವಿಯ ಕೂಸು ಅತ್ತಾಗಲೆಲ್ಲ ರಾಚನಾಯಕ ಎದ್ದು ಹೊರಗೆ ಹೋಗುತ್ತಾನೆ. ನನಗೆ ಹೋಗಲು ಕಾಲಿಲ್ಲ, ಪೂರ್ತಿ ಕೇಳಿಸಿಕೊಳ್ಳುತ್ತೇನೆ.