ಅಪ್ಪನ ಅಕ್ಷರಗಳ ಡಿಸ್ಕು

"ಇವನ ಕೈಗೆ ಬಂಡೆಗಲ್ಲು ಕೊಟ್ರೂ ಹಾಳುಮಾಡಿ ತರ್ತಾನೆ ಮೇಷ್ಟ್ರೇ! ಏಳನೇ ಕ್ಲಾಸಲ್ಲೇ ಚೀಲ ಬಿಸಾಕಿ ಬಂದವನಿಗೆ ಅಪ್ಪನ ಸೊತ್ತಿನ ಬೆಲೆ ಹೇಗೆ ಗೊತ್ತಾಗ್ಬೇಕು? ನೋಡಿ, ಕೋಳಿ ಕೆದಕಿದ ಹಾಗೆ ಕೆದಕಿ ಇಟ್ಟಿದ್ದಾನೆ!"

ಚಿಕ್ಕಪ್ಪ ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ಅಂಗಡಿಯಲ್ಲಿದ್ದವರಿಗೆಲ್ಲ ತೋರಿಸಿದ. ಪಂದ್ಯದ ಕಪ್‌ಗಳ ಮೇಲೆ ಹೆಸರು ಕೆತ್ತಿಸಲು ಬಂದಿದ್ದ ಆಟದ ಮೇಷ್ಟ್ರು ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದರು. ಬಾಗಿಲ ಫಲಕಕ್ಕೆ ಕಾದಿದ್ದ ಹೆಂಗಸು ಮಾತ್ರ ಕಿಸಕ್ಕನೆ ನಕ್ಕಳು. ಹಿತ್ತಾಳೆ ತಗಡಿಗೆ ತೂತು ಕೊರೆಯುತ್ತಿದ್ದ ಹುಡುಗ ಯಂತ್ರ ನಿಲ್ಲಿಸಿದ. ಇಡೀ ಬೀದಿ ಅವನನ್ನು 'ಗರಂ' ಎಂದೇ ಕರೆಯುತ್ತಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇದ್ದವನಿಗೆ ತಕ್ಕ ಹೆಸರು.

"ನಾನು ಅದನ್ನ ಮುಟ್ಟೇ ಇಲ್ಲ."

"ಹಾಗಾದ್ರೆ ದೆವ್ವ ಬಂದು ಗೀಚಿತಾ?"

ಗರಂನ ಅಪ್ಪ ಕೆತ್ತನೆಗಾರ. ಉಳಿ ಹಿಡಿದು ಬರೆದ ಅವನ ಅಕ್ಷರಗಳ ಬಾಲ ಒಂದಿಷ್ಟು ಮೇಲಕ್ಕೆ ಚಿಮ್ಮುತ್ತಿತ್ತು, ಈಗಷ್ಟೇ ನೀರು ಕುಡಿದು ತಲೆಯೆತ್ತಿದ ಹಕ್ಕಿಯ ಹಾಗೆ. ಅಂಗಡಿಗೆ ಕೆತ್ತುವ ಯಂತ್ರ ಬಂದಾಗ, ಯಂತ್ರ ಮಾರಿದವನು ಅಪ್ಪನ ಕೈಯಲ್ಲಿ ಅಕ್ಷರಗಳನ್ನೆಲ್ಲ ಕಾಗದದ ಮೇಲೆ ಬರೆಸಿಕೊಂಡು ಹೋಗಿ, ಸಾಫ್ಟ್‌ವೇರಿನ ಡಿಸ್ಕಿನೊಳಗೇ ತುಂಬಿ ತಂದಿದ್ದ. ಕಾಗದಗಳು ಮರಳಲಿಲ್ಲ. ಈಗ ಅಪ್ಪನಿಲ್ಲ. ಅಂಗಡಿಯ ಹಳೇ ಕಂಪ್ಯೂಟರೂ ಮೊನ್ನೆ ಕಣ್ಣುಮುಚ್ಚಿತು. ಆ ಅಕ್ಷರಗಳು ಉಳಿದಿದ್ದರೆ ಈ ಡಿಸ್ಕಿನಲ್ಲಿ, ಇಲ್ಲವಾದರೆ ಎಲ್ಲೂ ಇಲ್ಲ. ಚಿಕ್ಕಪ್ಪನೋ ಆಗಲೇ ಹೊಸ ಸಾಫ್ಟ್‌ವೇರಿನವನಿಗೆ ಫೋನು ಹಚ್ಚಿದ್ದ.

ಗರಂ ಡಿಸ್ಕನ್ನು ಕಿತ್ತುಕೊಂಡು ಹೊರಬಿದ್ದ.

ಹಿಂದಿನ ಓಣಿಯಲ್ಲಿ ಹಳೇ ಕಂಪ್ಯೂಟರು ಬಿಚ್ಚಿ ಜೋಡಿಸುವ ಸ್ಕ್ರೂ ಮಾಮನ ಅಂಗಡಿ. ಸೋದರಮಾವನೇನೂ ಅಲ್ಲ, ಬಾಯಲ್ಲಿ ಸದಾ ಒಂದು ಸ್ಕ್ರೂ ಕಚ್ಚಿಕೊಂಡಿರುವವನಿಗೆ ಓಣಿ ಕೊಟ್ಟ ಹೆಸರು. ಡಿಸ್ಕನ್ನು ಬೆಳಕಿಗೆ ಓರೆಮಾಡಿ ನೋಡಿದವನೇ ಸ್ಕ್ರೂ ಉಗಿದ.

"ಅಯ್ಯೋ ಮಾರಾಯ! ಅಡ್ಡಡ್ಡ ಗೀರು ಬಿದ್ದಿದ್ರೆ ಚಿಂತೆ ಇರ್ಲಿಲ್ಲ. ಡಿಸ್ಕು ಓದೋ ಡ್ರೈವು ಹಳ್ಳ ದಾಟಿದ ಹಾಗೆ ದಾಟ್ಕೊಂಡು ಹೋಗುತ್ತೆ. ಇದು ಸುತ್ತಲೂ ಬಿದ್ದಿದೆ. ಒಳಗೆ ಬರೆದಿರೋ ಸಾಲೂ ಸುತ್ತಲೇ ಓಡೋದು. ಮೈಲುಗಟ್ಟಲೆ ಹಳ್ಳದೊಳಗೇ ಓಡು ಅಂದ್ರೆ ಅದೇನ್ ಮಾಡುತ್ತೆ, ಪಾಪ? ಯಾರೋ ದುಂಡಗೆ ಉಜ್ಜಿದ್ದಾರೆ ಇದನ್ನ. ವರ್ಷಾನುಗಟ್ಟಲೆ."

"ಸರಿ ಆಗುತ್ತಾ?"

"ಪಾಲಿಶ್ ಹಚ್ಚು. ಕೆಲಸ ನಿಂದು. ನನ್ನ ಕೈ ನಡುಗುತ್ತೆ. ನಡುವಿನಿಂದ ಅಂಚಿಗೆ, ನೇರವಾಗಿ. ಸುತ್ತಬೇಡ."

ಗರಂ ಬಟ್ಟೆಗೆ ಪಾಲಿಶ್ ಅದ್ದಿ ಶುರುಮಾಡಿದ. ನಡುವಿನಿಂದ ಅಂಚಿಗೆ. ಮತ್ತೆ ನಡುವಿನಿಂದ ಅಂಚಿಗೆ. ಸ್ವಲ್ಪ ಹೊತ್ತಿಗೆ ಮಣಿಕಟ್ಟಿಗೆ ಪಟ್ಟನೆ ಏಟು ಬಿತ್ತು.

"ಸುತ್ತಬೇಡ ಅಂದ್ನಲ್ಲೋ!"

ಗರಂ ಕೈ ನೋಡಿಕೊಂಡ. ಅದು ತನ್ನಷ್ಟಕ್ಕೇ ದುಂಡಗೆ ತಿರುಗುತ್ತಿತ್ತು. ಅವರ ಮನೆಯವರ ಕೈಯೇ ಹಾಗೆ. ಹಿತ್ತಾಳೆಗೆ ಹೊಳಪು ಬರುವುದು ಸುತ್ತಿ ಸುತ್ತಿ ಉಜ್ಜಿದರೇ. ಅಪ್ಪ ಅವನ ಪುಟ್ಟ ಅಂಗೈ ಮೇಲೆ ತನ್ನ ಅಂಗೈ ಇಟ್ಟು ಕಲಿಸಿದ್ದು ಅದನ್ನೇ. ಆಗ ನೆನಪಾಯಿತು. ಭಾನುವಾರದ ಮಧ್ಯಾಹ್ನಗಳಲ್ಲಿ ಅಂಗಡಿಯ ಬಾಗಿಲು ಅರ್ಧ ಎಳೆದಿರುತ್ತಿತ್ತು. ಬಿಸಿಲಿನಲ್ಲಿ ಹಿತ್ತಾಳೆ ಪುಡಿ ತೇಲುತ್ತಿತ್ತು. ಅಪ್ಪ ಡಿಸ್ಕನ್ನು ಪೆಟ್ಟಿಗೆಯಿಂದ ತೆಗೆದು, "ನೋಡೋ, ಇದರೊಳಗೆ ನಾನಿದೀನಿ" ಅನ್ನುತ್ತಿದ್ದ. ಅವನ ಗಲ್ಲದ ಮೇಲೆ ಕಾಮನಬಿಲ್ಲಿನ ತುಣುಕೊಂದು ಕುಣಿಯುತ್ತಿತ್ತು. ಆಮೇಲೆ ಹಿತ್ತಾಳೆ ಒರೆಸುವ ಮೆತ್ತನೆಯ ಬಟ್ಟೆ ತೆಗೆದು, ಹಾಡೊಂದನ್ನು ಮೂಗಿನಲ್ಲೇ ಗುನುಗುತ್ತ, ಸುತ್ತಿ ಸುತ್ತಿ ಒರೆಸಿ ಒಳಗಿಡುತ್ತಿದ್ದ. ಹಾಕಿದಾಗೊಮ್ಮೆ, ತೆಗೆದಾಗೊಮ್ಮೆ. ಏನೂ ಕೆಲಸವಿಲ್ಲದಿದ್ದರೆ ಸುಮ್ಮನೆ ಇನ್ನೊಮ್ಮೆ.

ಆ ಬಟ್ಟೆಯಲ್ಲಿ ಎಷ್ಟು ಲೋಹದ ಪುಡಿ ಸೇರಿತ್ತೋ.

"ಏನಾಯ್ತೋ? ಕಣ್ಣಿಗೆ ಪಾಲಿಶ್ ಬಿತ್ತಾ?"

"ಹ್ಞೂಂ" ಎಂದು ಗರಂ ತೋಳಿನಿಂದ ಮುಖ ಒರೆಸಿಕೊಂಡ.

ಮೊದಲ ಡ್ರೈವು ಕೊರಕೊರ ಅಂದು ಡಿಸ್ಕನ್ನು ಉಗಿಯಿತು. ಎರಡನೆಯದು ಸಾಫ್ಟ್‌ವೇರನ್ನು ಅರ್ಧ ಓದಿ ಸುಸ್ತಾಯಿತು. ಮಾಮ ಅಟ್ಟದಿಂದ ಇಟ್ಟಿಗೆಯಂಥ ಹಳೇ ಡ್ರೈವು ಇಳಿಸಿ, ವೇಗ ತಗ್ಗಿಸಿ, ಓದಲಾಗದ ಚೂರುಗಳನ್ನು ಬಿಟ್ಟು ಮುಂದೆ ಹೋಗಿ ಮತ್ತೆ ಹಿಂದಿರುಗಿ ಓದುವ ಹಾಗೆ ಮಾಡಿದ. ಗರಂ ಮತ್ತೆ ಉಜ್ಜಿದ, ಮತ್ತೆ ಹಾಕಿದ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡೇ ಉಜ್ಜಿದ. ಸಂಜೆಯ ಹೊತ್ತಿಗೆ ಸಾಫ್ಟ್‌ವೇರು ಪೂರ್ತಿ ಬಂತು. ಅದರ ಜೊತೆಗಿದ್ದ ಹೂಬಳ್ಳಿಯ ಅಂಚುಗಳ ಚಿತ್ರಗಳು ಬರಲೇ ಇಲ್ಲ. ಅವು ಹೋದರೆ ಹೋಗಲಿ. ಕೊನೆಗೆ ಅಕ್ಷರಗಳ ಕಡತ, ಕುಂಟುತ್ತ ಕುಂಟುತ್ತ, ಇಡಿಯಾಗಿ ಈಚೆ ಬಂತು.

ಅಂಗಡಿಯಲ್ಲಿ, ಮಾಮ ಕೊಟ್ಟ ಕಂಪ್ಯೂಟರಿಗೆ ಜೋಡಿಸಿದ ಯಂತ್ರದ ಸೂಜಿ ಪಂದ್ಯದ ಕಪ್‌ನ ಮೈಮೇಲೆ ಇಳಿಯಿತು. ಬಾಲ ಚಿಮ್ಮಿಸಿದ ಮೊದಲ ಅಕ್ಷರ ಮೂಡುತ್ತಿದ್ದಂತೆ ಚಿಕ್ಕಪ್ಪ ಸ್ಟೂಲಿನ ಮೇಲೆ ಕುಸಿದ.

"ಅಣ್ಣನ ಕೈ" ಎಂದ. ಕಪ್‌ಗಳನ್ನು ಒಯ್ಯಲು ಮತ್ತೆ ಬಂದಿದ್ದ ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಊಟದ ಡಬ್ಬಿ ತೆಗೆದುಕೊಂಡು ಹೋಗಲು ಬಂದಿದ್ದ ಅಮ್ಮ, ಕಪ್‌ನ ಮೇಲಿನ ಅಕ್ಷರವನ್ನು ಬೆರಳಿನಿಂದ ಸವರಿದಳು.

ಚಿಕ್ಕಪ್ಪ ಕಣ್ಣೊರೆಸಿಕೊಂಡ ಮೇಲೆ ಹಳೇ ಗತ್ತು ವಾಪಸು ಬಂತು.

"ತಂದುಕೊಟ್ಟೆ, ಸರಿ. ಆದ್ರೆ ಎಲ್ಲರ ಎದುರಿಗೇ ಕೇಳ್ತೀನಿ. ಅಣ್ಣ ಇದನ್ನ ಎಳೇ ಮಗು ಥರ ಒರೆಸಿ ಒರೆಸಿ ಇಟ್ಟಿದ್ದ. ಅದನ್ನ ಹೀಗೆ ಕೆರೆದು ಹಾಕೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತೋ? ಒಂದ್ಸಲ ತಪ್ಪಾಯ್ತು ಅನ್ನು, ಮುಗೀಲಿ."

ಗರಂ ಬಾಯಿ ತೆರೆದ. ಕುತ್ತಿಗೆಯ ನರ ಉಬ್ಬಿತ್ತು. ಅಮ್ಮ ಇನ್ನೂ ಅಕ್ಷರದ ಬಾಲದ ಮೇಲೆ ಬೆರಳಾಡಿಸುತ್ತಿದ್ದಳು. ಅವಳ ಮುಖದಲ್ಲಿ ಬಹಳ ದಿನದಿಂದ ಕಾಣದಿದ್ದ ನಗುವೊಂದಿತ್ತು.

ಅವನು ಬಾಯಿ ಮುಚ್ಚಿದ. ಪಾಲಿಶ್ ಮೆತ್ತಿದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಮೆಟ್ಟಿಲಿಳಿದ.

"ಏಯ್, ನಿನ್ನನ್ನೇ ಕೇಳ್ತಿರೋದು!"

ಗರಂ ತಿರುಗಲಿಲ್ಲ. ಬೀದಿಯ ಜನರ ನಡುವೆ ದಾಪುಗಾಲು ಹಾಕುತ್ತ ನಡೆದುಬಿಟ್ಟ.