ಕೀಚಲು ದನಿಯ ಮೇಷ್ಟ್ರು

"ಇವತ್ತೊಂದಿನ ನೀವು ಬಾಯಿ ಬಿಡಬೇಡಿ, ಪಾಠ ನಾನೇ ಮಾಡ್ತೀನಿ," ಎಂದರು ಹೆಡ್‌ಮೇಷ್ಟ್ರು. ಇನ್‌ಸ್ಪೆಕ್ಟರ ಗಾಡಿ ಆಗಲೇ ತಿ. ನರಸೀಪುರದ ಶಾಲೆಯ ಬಾಗಿಲಿಗೆ ಬಂದಿತ್ತು. ಶಿವಸ್ವಾಮಿ ಒಪ್ಪಲಿಲ್ಲ. ಮಹಾರಾಜರ ಸರ್ಕಾರದಲ್ಲಿ ಅವನ ಇಂಗ್ಲಿಷ್ ಮೇಷ್ಟ್ರ ಕೆಲಸ ಖಾಯಮಾಗುವುದೂ ಕೈತಪ್ಪುವುದೂ ಈ ಪಾಠದ ಮೇಲೇ ನಿಂತಿತ್ತು.

ಮೂಗೂರಿನ ಒಕ್ಕಲು ಮನೆಯಿಂದ ಓದಿ ಬಂದವನಿಗೆ ದೇವರು ಎಲ್ಲ ಕೊಟ್ಟು ಗಂಟಲಿನ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಿದ್ದ. ದನಿ ಕೀಚಲು. ಬಾಯಿ ತೆರೆದರೆ ಹಿಂದಿನ ಬೆಂಚು ಕಿಸಕ್ಕನೆ ನಗುತ್ತಿತ್ತು. ಅದಕ್ಕೆ ಹೆದರಿ ವರ್ಷವಿಡೀ ಪಿಸುದನಿಯಲ್ಲೇ ಪಾಠ ಹೇಳಿದ್ದ. ಹುಡುಗರಿಗೆ ಅರ್ಧ ಕೇಳಿಸಿತ್ತು, ಅರ್ಧ ಗಾಳಿಗೆ ಹೋಗಿತ್ತು. ಗ್ರಹಚಾರ ನೋಡಿ, ಅಂದಿನ ಪಾಠವೂ ಕೀಚಲು ದನಿಗಳ ಇಂಗ್ಲಿಷ್ ಹೆಸರುಗಳದ್ದೇ.

"ಸ್ಕ್ವೀಕ್ ಅಂದರೇನು?" ಎಂದು ಇನ್‌ಸ್ಪೆಕ್ಟರು ಮುಂದಿನ ಸಾಲಿನ ಹುಡುಗನನ್ನು ಕೇಳಿದರು.

"ಕೀಚಲು ಸಾ."

"ಸ್ಕ್ರೀಚ್?"

"ಅದೂ ಕೀಚಲೇ ಸಾ."

"ಶ್ರಿಲ್?"

"ಅದೂವೆ."

ಹಿಂದೆ ನಗೆ ಎದ್ದಿತು. ಹೆಡ್‌ಮೇಷ್ಟ್ರು ಮುಂದೆ ಬರತೊಡಗಿದರು. ಶಿವಸ್ವಾಮಿಗೆ ರೇಗಿತು. ಮುಳುಗಿದವನಿಗೆ ಚಳಿಯೇನು, ಮಳೆಯೇನು! ಅವರಿಗೆ ಅಡ್ಡ ನಿಂತು ತನ್ನ ದನಿಯನ್ನು ಬಿಟ್ಟೇಬಿಟ್ಟ. ಬೋನಿಗೆ ಬಿದ್ದ ಇಲಿಯ ಹಾಗೆ ಕಿಚಿಗುಟ್ಟಿ, "ಇದು ಸ್ಕ್ವೀಕ್" ಎಂದ. ಎಣ್ಣೆ ಕಾಣದ ಗಾಡಿಯ ಅಚ್ಚಿನ ಕಿರುಗುಟ್ಟುವಿಕೆ ಸ್ಕ್ರೀಚ್ ಆಯಿತು, ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನ ಅಳು ಶ್ರಿಲ್ ಆಯಿತು. ಕಡೆಗೆ ಕತ್ತೆತ್ತಿ, ಜೋಳದ ಹೊಲದ ಅಟ್ಟಣೆಯಿಂದ ಗಿಳಿ ಓಡಿಸುವ ಕೂಗು ಹಾಕಿದ. ಚಿಕ್ಕಂದಿನಲ್ಲಿ ಊರವರು ಆ ಕೆಲಸಕ್ಕೆ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು.

"ಇದು ಪಿಯರ್ಸಿಂಗ್, ತೂರಿಕೊಂಡು ಹೋಗೋದು."

ಸೂರಿನ ಪಾರಿವಾಳಗಳು ಹಾರಿಹೋದವು. ಯಾರೂ ನಗಲಿಲ್ಲ.

ಇನ್‌ಸ್ಪೆಕ್ಟರು ಮೇಜು ಉಜ್ಜಿದರು, ಬಾಗಿಲು ಕಿರುಗುಟ್ಟಿಸಿದರು, ಶಿಳ್ಳೆ ಹಾಕಿದರು. ಹುಡುಗರು ನಾ ಮುಂದು ತಾ ಮುಂದು ಎಂದು ಆಯಾ ದನಿಯ ಹೆಸರು ಹೇಳಿದರು. ಆಗ ಅವರು ಮೀಸೆಯಲ್ಲೇ ನಕ್ಕು, "ನಿಮ್ಮ ಮೇಷ್ಟ್ರ ದನಿ ಇದರಲ್ಲಿ ಯಾವುದಪ್ಪಾ?" ಎಂದರು.

ಎದ್ದವನು ಹಿಂದಿನ ಬೆಂಚಿನ ಸಿದ್ದಮಲ್ಲಪ್ಪ, ಯಾವಾಗಲೂ ಮೊದಲು ನಗುತ್ತಿದ್ದವನು.

"ಪಿಯರ್ಸಿಂಗ್ ಸಾ. ಇವತ್ತೇ ಮೊದ್ಲು ಇಲ್ಲೀಗಂಟ ಬಂದದ್ದು. ಇಂಗೇ ಏಳ್ಕೊಟ್ರೆ ನಾವೂ ಕಲ್ತ್ಕೋತೀವಿ."

"ಈ ಮೇಷ್ಟ್ರು ಇಲ್ಲೇ ಇರಲಿ," ಎಂದರು ಇನ್‌ಸ್ಪೆಕ್ಟರು, ಹೆಡ್‌ಮೇಷ್ಟ್ರ ಕಡೆ ತಿರುಗಿ.

ಸಂಜೆ ಶಿವಸ್ವಾಮಿ ಹೊಳೆ ದಾಟಲು ಬಂದಾಗ ಹರಿಗೋಲು ಆಚೆ ದಡದಲ್ಲಿತ್ತು. ಕಾದು ನಿಂತವರು ಹೆಗಲ ಮೇಲಿನ ವಲ್ಲಿ ಬೀಸಿ ಬೀಸಿ ಸೋತಿದ್ದರು. ಅವನು ಎಲ್ಲರಿಗಿಂತ ಮುಂದೆ, ಪಾದ ನೀರಿಗೆ ತಾಗುವಂತೆ ನಿಂತು, ಒಂದೇ ಸಲ ಕೂಗಿದ.

ಆಚೆ ದಡದಲ್ಲಿ ಅಂಬಿಗ ಎದ್ದು ಹುಟ್ಟನ್ನು ಕೈಗೆತ್ತಿಕೊಂಡ.